ಎರಡು ಲೋಕಗಳ ನಡುವಣ ಬಾಲಕ

ಜಪಾನಿನ ಮುಖ್ಯ ದ್ವೀಪವಾದ ಹೊನ್ಶೂವಿನ ಪಶ್ಚಿಮ ಭಾಗದಲ್ಲಿ, ಜಪಾನು ಸಮುದ್ರದ ದಡದ ಮೇಲೆ, ಸಕಾಯಿಮಿನಾತೊ ಎಂಬ ಮೀನುಗಾರರ ಬಂದರು ಪಟ್ಟಣವೊಂದಿದೆ. ಅಲ್ಲಿಯ ರೈಲು ನಿಲ್ದಾಣದಿಂದ ಹೊರಟು ಸುಮಾರು ೮೦೦ ಮೀಟರು ಸಾಗುವ ಬೀದಿಯ ಇಕ್ಕೆಲಗಳಲ್ಲಿ ಕಂಚಿನ ವಿಗ್ರಹಗಳು ಸಾಲಾಗಿ ನಿಂತಿವೆ. ಅವು ರಾಜರ ವಿಗ್ರಹಗಳಲ್ಲ. ದಂಡನಾಯಕರ ವಿಗ್ರಹಗಳೂ ಅಲ್ಲ. ದಾರಿಹೋಕರ ಮೇಲೆ ಮರಳನ್ನು ಎರಚುವ ಮುದುಕಿ, ಹಸುಗೂಸಿನಂತೆ ಅಳುವ ಮುದುಕ, ಗೋಡೆಯಂತೆ ದಾರಿಗೆ ಅಡ್ಡಲಾಗಿ ನಿಲ್ಲುವ ಒಂದು ವಿಚಿತ್ರ ಪ್ರಾಣಿ ಇಂಥವರೇ ಅಲ್ಲಿಯ ಗಣ್ಯರು. ೧೯೯೩ರಲ್ಲಿ ೨೩ ವಿಗ್ರಹಗಳಿಂದ ಆರಂಭವಾದ ಆ ಸಾಲು ೨೦೧೮ರ ವೇಳೆಗೆ ೧೭೭ಕ್ಕೆ ಬೆಳೆದಿತ್ತು. ಅವುಗಳ ನಡುವೆ ಒಬ್ಬ ಬಾಲಕನಿದ್ದಾನೆ. ಕೆದರಿದ ಕೂದಲು ಅವನ ಎಡಗಣ್ಣಿನ ಮೇಲೆ ಇಳಿಬಿದ್ದಿದೆ. ಮೈಮೇಲೆ ಪಟ್ಟೆಪಟ್ಟೆಯ ತೋಳಿಲ್ಲದ ಕುಪ್ಪಸ, ಕಾಲಲ್ಲಿ ಮರದ ಪಾದುಕೆ. ಆತನ ಹೆಸರು ಕಿತಾರೋ.

ಕಿತಾರೋ ಚಿತ್ರಕಥೆಯ ನಾಯಕ. ಜಪಾನಿನಲ್ಲಿ ಚಿತ್ರಕಥೆಗೆ ‘ಮಾಂಗಾ’ ಎಂದು ಹೆಸರು. ಮಾಂಗಾ ಪುಸ್ತಕವನ್ನು ಬಲಗಡೆಯಿಂದ ಎಡಗಡೆಗೆ ಓದಬೇಕು. ನಮಗೆ ಕೊನೆಯ ಪುಟವೆಂದು ತೋರುವುದು ಅವರಿಗೆ ಮೊದಲನೆಯ ಪುಟ. ಮಕ್ಕಳ ವಿನೋದಕ್ಕೆಂದೇ ಮೀಸಲಾದ ವಸ್ತುವೆಂದು ಅದನ್ನು ಬಗೆಯಲಾಗದು. ಚರಿತ್ರೆ, ಯುದ್ಧ, ವ್ಯಾಪಾರ, ಅಡುಗೆ, ಸಾವು ಎಲ್ಲವೂ ಅಲ್ಲಿ ಕಥೆಗೆ ವಸ್ತುವಾಗಿವೆ. ಮನುಷ್ಯರ ಲೋಕಕ್ಕೂ ವಿಕಾರಜೀವಿಗಳ ಲೋಕಕ್ಕೂ ನಡುವೆ ಸಿಕ್ಕಿ, ಎರಡರಲ್ಲಿಯೂ ಕಾಲಿಟ್ಟು ಬಾಳಬೇಕಾದವನ ಕಥೆ ಇಂದಿನ ಮಾಂಗಾಗಳಲ್ಲಿ ಹೇರಳವಾಗಿ ದೊರೆಯುತ್ತದೆ. ಆ ದಾರಿಯನ್ನು ಮೊದಮೊದಲು ತುಳಿದವರಲ್ಲಿ ಕಿತಾರೋ ಒಬ್ಬನು. ಅವನನ್ನು ಜಪಾನಿನ ಮನೆಮನೆಗೂ ಪರಿಚಯಿಸಿದ ಕಲಾವಿದ ಮಿಜುಕಿ ಶಿಗೇರು.

ಕಥೆಯೊಳಕ್ಕೆ ಹೋಗುವ ಮುನ್ನ ‘ಯೋಕಾಯ್’ ಎಂಬ ಜಪಾನೀ ಮಾತಿನ ಅರ್ಥವನ್ನು ತಿಳಿಯುವುದು ಅಗತ್ಯ. ಅದಕ್ಕೆ ಕನ್ನಡದಲ್ಲಿ ಒಪ್ಪುವ ಪದ ಸಿಕ್ಕುವುದು ಕಷ್ಟ. ದೆವ್ವವೆಂದರೆ ಸತ್ತವರ ನೆನಪು ಬರುತ್ತದೆ. ಯೋಕಾಯ್‌ಗಳು ಸತ್ತವರೇ ಆಗಬೇಕಾಗಿಲ್ಲ. ರಾಕ್ಷಸನೆಂದರೆ ವೈರಿ ಎಂಬ ಭಾವ ಕೂಡಿಕೊಳ್ಳುತ್ತದೆ, ಯೋಕಾಯ್‌ಗಳೆಲ್ಲ ವೈರಿಗಳಲ್ಲ. ಭೂತವೆಂದರೆ ನಮ್ಮ ಕರಾವಳಿಯವರಿಗೆ ಪೂಜೆಗೊಳ್ಳುವ ದೈವ. ಯೋಕಾಯ್‌ಗಳಿಗೆ ಸಾಮಾನ್ಯವಾಗಿ ಪೂಜೆಯಿಲ್ಲ. ಸ್ನಾನದ ಮನೆಯಲ್ಲಿ ಕಟ್ಟಿದ ಕೊಳೆಯನ್ನು ರಾತ್ರಿ ಬಂದು ನೆಕ್ಕಿ ಹೋಗುವುದು ಒಂದು ಯೋಕಾಯ್. ನೂರು ವರ್ಷ ಬಳಸಿ ಎಸೆದ ಕೊಡೆಯೋ ಚಪ್ಪಲಿಯೋ ಜೀವ ತಳೆದು ಎದ್ದರೆ ಅದೂ ಯೋಕಾಯ್. ಕತ್ತಲಲ್ಲಿ, ಮನೆಯ ಮೂಲೆಯಲ್ಲಿ, ಮನುಷ್ಯನಿಗೆ ಅರ್ಥವಾಗದೆ ಉಳಿದುದಕ್ಕೆಲ್ಲ ಜಪಾನಿನ ಹಳ್ಳಿಗರು ಒಂದೊಂದು ಹೆಸರನ್ನೂ ಒಂದೊಂದು ಸ್ವಭಾವವನ್ನೂ ಕೊಟ್ಟಿದ್ದರು. ಆದುದರಿಂದ ಈ ಪಾಠದಲ್ಲಿ ಆ ಮಾತನ್ನು ಹಾಗೆಯೇ ಉಳಿಸಿಕೊಳ್ಳುವುದು ಲೇಸು.

ಮಿಜುಕಿ ಹುಟ್ಟಿದ್ದು ೧೯೨೨ರಲ್ಲಿ, ಬೆಳೆದದ್ದು ಸಕಾಯಿಮಿನಾತೊದಲ್ಲಿ. ಆತನ ಮನೆಗೆ ಬಡ ಮುದುಕಿಯೊಬ್ಬಳು ಬಂದುಹೋಗುತ್ತಿದ್ದಳು. ದೇವರಿಗೆ ಮೊರೆಯಿಡುವವರನ್ನು ಆ ಸೀಮೆಯಲ್ಲಿ ಕರೆಯುತ್ತಿದ್ದ ಹೆಸರಿನಿಂದ ಮಕ್ಕಳು ಆಕೆಯನ್ನು ನೊನ್‌ನೊನ್‌ಬಾ ಎಂದು ಕರೆಯುತ್ತಿದ್ದರು. ಆಕೆಗೆ ಶಾಲೆಯ ವಿದ್ಯೆ ಇರಲಿಲ್ಲ; ಆದರೆ ಕಾಣದ ಲೋಕದ ಭೂಗೋಳವೆಲ್ಲ ಬಾಯಿಪಾಠವಾಗಿತ್ತು. ಮನೆಯ ಮಾಳಿಗೆಯ ಮೇಲೆ ಕಲೆಗಳು ಮೂಡಿದ್ದರೆ, ರಾತ್ರಿ ಎಲ್ಲರೂ ಮಲಗಿದಾಗ ಮಾಳಿಗೆ ನೆಕ್ಕುವ ಯೋಕಾಯ್ ಬಂದಿತ್ತೆಂದು ಆಕೆ ಹೇಳುವಳು. ಹುಡುಗ ತಲೆಯೆತ್ತಿ ನೋಡುವನು. ಕಲೆ ಅಲ್ಲಿಯೇ ಇರುವುದು. ಇನ್ನೇನು ಸಾಕ್ಷ್ಯ ಬೇಕು? ರಾತ್ರಿಯ ದಾರಿಯಲ್ಲಿ ನಡೆಯುವಾಗ ಬೆನ್ನ ಹಿಂದೆ ಯಾರದೋ ಹೆಜ್ಜೆಯ ಸದ್ದು ಕೇಳಿಸುತ್ತದೆ, ತಿರುಗಿ ನೋಡಿದರೆ ಯಾರೂ ಇರುವುದಿಲ್ಲ. ಅದಕ್ಕೆ ಬೆತೊಬೆತೊ ಸಾನ್ ಎಂದು ಹೆಸರು. ಅದರಿಂದ ಪಾರಾಗಲು ಮಂತ್ರ ಬೇಡ, ಕತ್ತಿಯೂ ಬೇಡ. ದಾರಿಯ ಬದಿಗೆ ಸರಿದು, ತಾವು ಮುಂದೆ ದಯಮಾಡಿಸಿರಿ ಎಂದು ವಿನಯದಿಂದ ಹೇಳಿದರೆ ಸಾಕು. ಹೆಜ್ಜೆಯ ಸದ್ದು ನಿಂತುಹೋಗುವುದು.

ಈ ಕೊನೆಯ ಮಾತು ಚಿಕ್ಕದಾಗಿ ಕಂಡರೂ ಮಿಜುಕಿಯ ಕಥಾಲೋಕದ ಬೀಗದ ಕೈ ಇದರಲ್ಲಿಯೇ ಇದೆ. ಭಯವನ್ನು ಕೊಲ್ಲುವ ಉಪಾಯವಲ್ಲ ಇದು, ಭಯಕ್ಕೆ ದಾರಿ ಬಿಟ್ಟುಕೊಡುವ ಉಪಾಯ.

ಯೋಕಾಯ್‌ಗಳ ವಿಷಯದಲ್ಲಿ ಜಪಾನಿನ ವಿದ್ವಾಂಸರೆಲ್ಲ ಒಂದೇ ಮನಸ್ಸಿನವರಾಗಿರಲಿಲ್ಲ. ಇನೊಉಎ ಎನ್‌ರ್ಯೊ ಎಂಬ ತತ್ತ್ವಶಾಸ್ತ್ರಜ್ಞ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಯೋಕಾಯ್‌ಗಳಿಗೇ ಒಂದು ಶಾಸ್ತ್ರವನ್ನು ಕಟ್ಟಿದನು. ಜನರ ಮೂಢನಂಬಿಕೆಯನ್ನು ವಿಜ್ಞಾನದ ಬೆಳಕಿನಿಂದ ಕಳೆಯುವುದು ಅವನ ಗುರಿ. ಜಾನಪದ ವಿದ್ವಾಂಸನಾದ ಯಾನಾಗಿತಾ ಕುನಿಯೊ ಬೇರೆಯ ದಾರಿ ಹಿಡಿದನು. ಯೋಕಾಯ್ ಉಂಟೋ ಇಲ್ಲವೋ ಎಂಬ ಜಗಳಕ್ಕೆ ಹೋಗದೆ, ಯಾವ ಊರಿನ ಜನ ಏನನ್ನು ಕಂಡು ಬೆದರಿದರು, ಏಕೆ ಬೆದರಿದರು ಎಂದು ಆತ ವಿಚಾರಿಸಿದನು. ೧೯೩೮ರಿಂದ ಆತ ಪ್ರಕಟಿಸಿದ ಯೋಕಾಯ್ ಹೆಸರುಗಳ ಪಟ್ಟಿಯಲ್ಲಿ ಮರಳೆರಚುವ ಮುದುಕಿಯೂ ಅಳುವ ಮುದುಕನೂ ಗೋಡೆಯ ಯೋಕಾಯ್ ಆದ ನುರಿಕಾಬೆಯೂ ಬರುತ್ತಾರೆ. ಆದರೆ ಒಬ್ಬೊಬ್ಬರಿಗೆ ಮೂರು ನಾಲ್ಕು ಸಾಲು ವಿವರಣೆ, ಅಷ್ಟೆ. ಚಿತ್ರವಿಲ್ಲ, ಮುಖವಿಲ್ಲ. ಅವರಿಗೆ ಮುಖ ಕೊಟ್ಟವನು ಮಿಜುಕಿ. ೧೭೭೬ರಲ್ಲಿ ತೊರಿಯಾಮಾ ಸೆಕಿಯೆನ್ ಎಂಬ ಚಿತ್ರಕಾರ ಯೋಕಾಯ್‌ಗಳ ಸಚಿತ್ರ ಗ್ರಂಥವೊಂದನ್ನು ಹೊರತಂದಿದ್ದನು. ಅಂಥ ಹಳೆಯ ಗ್ರಂಥಗಳನ್ನೂ ಮಿಜುಕಿ ಶ್ರದ್ಧೆಯಿಂದ ಅಭ್ಯಾಸ ಮಾಡಿದನು. ಇಂದು ಜಪಾನಿನ ಮಕ್ಕಳು ನುರಿಕಾಬೆ ಎಂದೊಡನೆ ಎರಡು ಕಣ್ಣು, ಗಿಡ್ಡ ಕಾಲುಗಳುಳ್ಳ ಗೋಡೆಯನ್ನು ಊಹಿಸಿಕೊಳ್ಳುವುದು ಈತನ ಲೇಖನಿಯಿಂದಲೇ.

ಆದರೆ ಪುಸ್ತಕಗಳೂ ಮುದುಕಿಯ ಕಥೆಗಳೂ ಮಾತ್ರ ಕಿತಾರೋವನ್ನು ನಿರ್ಮಿಸಲಿಲ್ಲ. ನಡುವೆ ಯುದ್ಧವೊಂದು ಬಂದಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ, ಇಪ್ಪತ್ತೊಂದು ವರ್ಷದ ಮಿಜುಕಿ ಸೈನ್ಯಕ್ಕೆ ಸೇರಬೇಕಾಯಿತು. ಆತನನ್ನು ಪಪುವಾ ನ್ಯೂಗಿನಿಗೆ ಇಂದು ಸೇರಿರುವ ನ್ಯೂ ಬ್ರಿಟನ್ ದ್ವೀಪದ ರಬೌಲ್ ಎಂಬಲ್ಲಿಗೆ ಕಳುಹಿಸಿದರು. ಅಲ್ಲಿ ಮುಂಚೂಣಿಯ ಕಾವಲು ಠಾಣ್ಯವೊಂದರಲ್ಲಿ ಆತನಿದ್ದಾಗ ಶತ್ರುಗಳ ದಾಳಿ ನಡೆದು ಸಂಗಡಿಗರೆಲ್ಲ ಹತರಾದರು, ಆತನೊಬ್ಬನೇ ಉಳಿದನು. ಕಾಡಿನಲ್ಲಿಯೂ ಕಡಲ ದಡದಲ್ಲಿಯೂ ತಪ್ಪಿಸಿಕೊಂಡು ಅಲೆಯುತ್ತಿದ್ದಾಗ ಒಂದು ರಾತ್ರಿ ಕತ್ತಲಲ್ಲಿ ಕಣ್ಣಿಗೆ ಕಾಣದ ಗೋಡೆಯೊಂದು ತನ್ನನ್ನು ತಡೆಯಿತೆಂದೂ, ಎಡಕ್ಕೆ ಬಲಕ್ಕೆ ಹೇಗೆ ಹೋದರೂ ಅದನ್ನು ದಾಟಲಾಗಲಿಲ್ಲವೆಂದೂ, ನೊನ್‌ನೊನ್‌ಬಾಳ ಲೋಕ ಇಲ್ಲಿಗೂ ಬಂದಿತೆಂದೂ ಆತ ಮುಂದೆ ಹೇಳುತ್ತಿದ್ದನು. ದಣಿದು ಹಸಿದ ದೇಹಕ್ಕೆ ಅಂಥ ಅನುಭವವಾಗುವುದು ಅಸಂಭವವೇನೂ ಅಲ್ಲ; ಮಿಜುಕಿ ಮಾತ್ರ ಅದನ್ನು ನುರಿಕಾಬೆಯೆಂದೇ ತಿಳಿದನು.

ಇಷ್ಟೆಲ್ಲ ಕಷ್ಟಪಟ್ಟು ಜೀವಸಹಿತ ಹಿಂದಿರುಗಿದ ತರುಣನನ್ನು ಮೇಲಧಿಕಾರಿಗಳು ಹೇಗೆ ಬರಮಾಡಿಕೊಂಡರು? ಉಳಿದವರೆಲ್ಲ ಸತ್ತಿರುವಾಗ ನೀನೇಕೆ ಬದುಕಿ ಬಂದೆ ಎಂದು ಗದರಿಸಿದರು. ಬಂದೂಕನ್ನು ಕಳೆದುಕೊಂಡುದಕ್ಕಾಗಿಯೂ ಬೈದರು. ಕೆಲಕಾಲದಲ್ಲಿಯೇ ಮಲೇರಿಯಾ ಜ್ವರ ಬಂದು ಮಲಗಿದ್ದಾಗ ವಿಮಾನದಾಳಿಯಲ್ಲಿ ಗಾಯಗೊಂಡು ಆತನ ಎಡಗೈ ಹೋಯಿತು. ಸತ್ತವರ ಲೆಕ್ಕಕ್ಕೆ ಸೇರಬೇಕಾಗಿದ್ದವನು ಬದುಕಿದವರ ಲೆಕ್ಕದಲ್ಲಿದ್ದನು. ತನ್ನವರ ನಡುವೆಯೇ ಆತ ಹೊರಗಿನವನಾಗಿದ್ದನು. ಆಗ ಆತನಿಗೆ ಅನ್ನವಿಟ್ಟವರು ಆ ದ್ವೀಪದ ಮೂಲನಿವಾಸಿಗಳಾದ ತೊಲಾಯ್ ಜನ. ಅವರ ತೋಟಗಳಲ್ಲಿ, ಗುಡಿಸಲುಗಳಲ್ಲಿ ಆತ ನೆಮ್ಮದಿಯನ್ನು ಕಂಡನು. ಯುದ್ಧ ಮುಗಿದಾಗ ಅಲ್ಲಿಯೇ ನೆಲಸುವಂತೆ ಅವರು ಕರೆದರು, ಆತನಿಗೂ ಮನಸ್ಸಿತ್ತು. ಒಮ್ಮೆ ಊರಿಗೆ ಹೋಗಿ ತಂದೆತಾಯಿಯನ್ನು ಕಂಡು ಬಾ ಎಂದು ಸೈನ್ಯದ ವೈದ್ಯನೊಬ್ಬ ಹೇಳಿದುದರಿಂದ ಆತ ಜಪಾನಿಗೆ ಹಿಂದಿರುಗಿದನು.

ಸೋತು ಬಡವಾಗಿದ್ದ ಜಪಾನಿನಲ್ಲಿ ಒಂದೇ ಕೈಯುಳ್ಳ ಚಿತ್ರಗಾರನಿಗೆ ಅನ್ನ ಸುಲಭವಾಗಿ ಹುಟ್ಟಲಿಲ್ಲ. ಆ ಕಾಲದಲ್ಲಿ ‘ಕಾಮಿಶಿಬಾಯ್’ ಎಂಬ ಕಾಗದದ ನಾಟಕ ಪ್ರಸಿದ್ಧವಾಗಿತ್ತು. ಕಥೆಗಾರ ಸೈಕಲ್ಲಿನ ಮೇಲೆ ಮರದ ಚಿಕ್ಕ ಚೌಕಟ್ಟನ್ನು ಇಟ್ಟುಕೊಂಡು ಬೀದಿಗೆ ಬರುವನು. ಮಕ್ಕಳಿಗೆ ಮಿಠಾಯಿ ಮಾರುವನು. ಚೌಕಟ್ಟಿನಲ್ಲಿ ಒಂದೊಂದೇ ಚಿತ್ರವನ್ನು ಸರಿಸುತ್ತ ಕಥೆ ಹೇಳುವನು. ಅಂಥ ಚಿತ್ರಗಳನ್ನು ಬರೆಯುವುದು ಮಿಜುಕಿಯ ಉದ್ಯೋಗವಾಯಿತು. ಕಿತಾರೋ ಎಂಬ ಸ್ಮಶಾನದ ಬಾಲಕನ ಕಥೆ ೧೯೩೦ರ ದಶಕದಲ್ಲಿಯೇ ಕಾಗದದ ನಾಟಕವಾಗಿ ಮೆರೆದಿತ್ತು. ಅದರ ಕರ್ತೃ ಇತೊ ಮಸಾಮಿ. ೧೯೫೪ರಲ್ಲಿ ಮಿಜುಕಿ ಆ ಹೆಸರನ್ನು ಕೈಗೆತ್ತಿಕೊಂಡು ಹೊಸ ಕಥೆಗಳನ್ನು ಹೆಣೆಯತೊಡಗಿದನು. ಆದುದರಿಂದ ಕಿತಾರೋ ಮಿಜುಕಿಯೊಬ್ಬನ ಸೃಷ್ಟಿಯೆಂದು ಹೇಳಿದರೆ ಇತೊ ಮಸಾಮಿಗೆ ಅನ್ಯಾಯವಾಗುತ್ತದೆ. ಟೆಲಿವಿಷನ್ ಬಂದು ಕಾಗದದ ನಾಟಕ ನಶಿಸುತ್ತ ಬಂದಾಗ ಮಿಜುಕಿ ಬಾಡಿಗೆ ಪುಸ್ತಕಗಳಿಗೆ ಬರೆದನು. ಅಲ್ಪ ಬಾಡಿಗೆ ಕೊಟ್ಟು ಅಂಗಡಿಯಿಂದ ಒಯ್ದು ಓದಿ ಹಿಂದಿರುಗಿಸುವ ಪುಸ್ತಕಗಳವು. ೧೯೬೦ರಲ್ಲಿ ಕಿತಾರೋ ಅಂಥ ಪುಸ್ತಕದ ಪುಟಗಳಲ್ಲಿ ಕಾಣಿಸಿಕೊಂಡನು.

ಅಲ್ಲಿ ಬರುವ ಅವನ ಜನ್ಮಕಥೆ ಹೀಗಿದೆ. ರಕ್ತನಿಧಿಯೊಂದರಲ್ಲಿ ನೌಕರನಾಗಿರುವ ಯುವಕನಿಗೆ ಒಂದು ವಿಚಿತ್ರವಾದ ಕೆಲಸ ಬರುತ್ತದೆ. ಅಲ್ಲಿಂದ ಕೊಟ್ಟ ರಕ್ತದಿಂದ ರೋಗಿಯೊಬ್ಬನು ಬದುಕಿಯೂ ಬದುಕಿಲ್ಲದಂಥ ಸ್ಥಿತಿಗೆ ಬಂದಿದ್ದಾನೆ. ಆ ರಕ್ತ ಯಾರದೆಂದು ಹುಡುಕುತ್ತ ಹೊರಟ ಯುವಕ ತನ್ನ ಮನೆಯ ಬಳಿಯಲ್ಲಿಯೇ ಇರುವ ಪಾಳುಗುಡಿಗೆ ಬರುತ್ತಾನೆ. ಅಲ್ಲಿ ‘ಪ್ರೇತಕುಲ’ಕ್ಕೆ ಸೇರಿದ ದಂಪತಿಗಳು ವಾಸವಾಗಿದ್ದಾರೆ. ಹೆಸರು ಪ್ರೇತವೆಂದಿದ್ದರೂ ಅವರು ಸತ್ತವರಲ್ಲ. ಮನುಷ್ಯರಿಗಿಂತ ಮೊದಲು ಭೂಮಿಯಲ್ಲಿ ಬಾಳಿದ ಒಂದು ಪ್ರಾಚೀನ ಕುಲದವರು. ಮನುಷ್ಯರ ಸಂಖ್ಯೆ ಹೆಚ್ಚಿದಂತೆ ಆ ಕುಲ ಬಯಲಿನಿಂದ ಕಾಡಿಗೆ, ಕಾಡಿನಿಂದ ನೆಲದೊಳಕ್ಕೆ ಸರಿಯುತ್ತ ಬಂದು ಈಗ ಇಬ್ಬರಲ್ಲಿ ಉಳಿದಿದೆ. ಗಂಡನಿಗೆ ಮೈ ಕೊಳೆಯುವ ರೋಗ. ಔಷಧದ ಹಣಕ್ಕಾಗಿ ಹೆಂಡತಿ ತನ್ನ ರಕ್ತವನ್ನು ಮಾರಿದ್ದಾಳೆ. ಆಕೆ ತುಂಬು ಗರ್ಭಿಣಿ.

ಕೆಲವು ಕಾಲದ ಮೇಲೆ ಇಬ್ಬರೂ ಸಾಯುತ್ತಾರೆ. ಯುವಕನೇ ಆ ತಾಯಿಯನ್ನು ಹೂಳುತ್ತಾನೆ. ಒಂದು ರಾತ್ರಿ ಗೋರಿಯ ಮಣ್ಣು ಅಲುಗಾಡಿ ಅದರೊಳಗಿಂದ ಶಿಶುವೊಂದು ತೆವಳಿಕೊಂಡು ಹೊರಬರುತ್ತದೆ. ಯುವಕ ಅದನ್ನು ಎತ್ತಿಕೊಳ್ಳುತ್ತಾನೆ. ಆದರೆ ಭೀತಿಯಿಂದ ಮರುಕ್ಷಣವೇ ಎಸೆದುಬಿಡುತ್ತಾನೆ. ಗೋರಿಯ ಕಲ್ಲಿಗೆ ಬಡಿದು ಶಿಶುವಿನ ಒಂದು ಕಣ್ಣು ಹೋಗುತ್ತದೆ. ಇತ್ತ ತಂದೆಯ ಶವದಿಂದ ಕಣ್ಣುಗುಡ್ಡೆಯೊಂದು ಜಾರಿ ಬೀಳುತ್ತದೆ. ಅದಕ್ಕೆ ಕೈಕಾಲುಗಳು ಮೂಡುತ್ತವೆ. ದೇಹವೆಲ್ಲ ಕೊಳೆತರೂ ಮಗನ ಮೇಲಿನ ಮಮತೆ ಆ ಒಂದು ಕಣ್ಣಿನಲ್ಲಿ ಉಳಿದಿದೆ. ತಂದೆಯು ದಾರಿ ತೋರಿಸಿದಂತೆ ಶಿಶು ತೆವಳುತ್ತ ಹೋಗಿ ತನ್ನನ್ನು ಎಸೆದವನ ಮನೆಯ ಬಾಗಿಲನ್ನೇ ಸೇರುತ್ತದೆ. ಆತ ಅದನ್ನು ಒಳಕ್ಕೆ ಕರೆದುಕೊಂಡು ಸಾಕುತ್ತಾನೆ.

ಈ ಕಥೆಗೆ ಹಿಂದೆ ಒಂದು ಪ್ರಾಚೀನ ಜನಪದ ಕಥೆ ಇದೆ. ಗರ್ಭಿಣಿಯಾಗಿ ಸತ್ತ ತಾಯಿಯ ಪ್ರೇತ ರಾತ್ರಿಯ ವೇಳೆ ಅಂಗಡಿಗೆ ಬಂದು ಮಗುವಿಗಾಗಿ ಮಿಠಾಯಿಯನ್ನು ಕೊಳ್ಳುತ್ತದೆ. ಅಂಗಡಿಯವನು ಅನುಮಾನದಿಂದ ಹಿಂಬಾಲಿಸಿ ಹೋದರೆ ಗೋರಿಯೊಳಗಿಂದ ಮಗುವಿನ ಅಳು ಕೇಳಿಸುತ್ತದೆ. ಸಕಾಯಿಮಿನಾತೊಗೆ ಸಮೀಪದ ಮತ್ಸುಎ ಎಂಬ ಪಟ್ಟಣದಲ್ಲಿ ಉಪಾಧ್ಯಾಯನಾಗಿದ್ದ ಲಾಫ್ಕಾಡಿಯೊ ಹರ್ನ್ ಇದೇ ಕಥೆಯ ಒಂದು ರೂಪವನ್ನು ಅಲ್ಲಿ ಕೇಳಿ ೧೮೯೪ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಹಳೆಯ ಕಥೆಯಲ್ಲಿ ಮುಖ್ಯವಾದುದು ತಾಯಿಯ ಪ್ರೇಮ. ಮಿಜುಕಿ ಆ ಪ್ರೇಮವನ್ನು ತಂದೆಯ ಕಣ್ಣಿನಲ್ಲಿ ಇರಿಸಿ, ಅದರ ಜೊತೆಗೆ ಹೊಸದೊಂದನ್ನು ಕೂಡಿಸಿದನು. ಮನುಷ್ಯ ತನಗೆ ತಿಳಿಯದುದನ್ನು ಕಂಡಾಗ ಮೊದಲು ಎಸೆಯುತ್ತಾನೆ. ಕಿತಾರೋವಿನ ಕಣ್ಣನ್ನು ಕಳೆದವನೂ ಅನ್ನವಿಟ್ಟವನೂ ಒಬ್ಬನೇ ಎಂಬುದನ್ನು ಗಮನಿಸಬೇಕು. ಮನುಷ್ಯಕುಲದ ಬಗೆಗೆ ಅವನಿಗಿರುವ ಪರಿಚಯವೆಲ್ಲ ಈ ಎರಡು ಕೃತ್ಯಗಳಲ್ಲಿ ಅಡಗಿದೆ.

ಬೆಳೆದ ಕಿತಾರೋ ಕಾಡಿನೊಳಗಿನ ಚಿಕ್ಕ ಮರದ ಮನೆಯಲ್ಲಿ ಇರುತ್ತಾನೆ. ಅವನ ಕುಪ್ಪಸ ಪೂರ್ವಿಕರ ಕೂದಲಿನಿಂದ ನೆಯ್ದದ್ದು. ಕುಲವೆಲ್ಲ ಅಳಿದರೂ ಅದರ ಬಲ ಅವನ ಮೈಗೆ ಅಂಟಿಕೊಂಡಿದೆ. ಯೋಕಾಯ್ ಸಮೀಪಿಸಿದರೆ ತಲೆಯ ಕೂದಲು ಸೆಟೆದು ನಿಲ್ಲುತ್ತದೆ. ತಂದೆಯಾದ ಕಣ್ಣುಗುಡ್ಡೆ ಅವನ ಕೂದಲೊಳಗೆ ಕುಳಿತು ಬುದ್ಧಿ ಹೇಳುತ್ತದೆ. ಬಿಡುವಾದಾಗ ಬಿಸಿನೀರು ತುಂಬಿದ ಬಟ್ಟಲಲ್ಲಿ ಸ್ನಾನ ಮಾಡುತ್ತದೆ. ಇಂಥ ನಗೆ ಬರಿಸುವ ವಿವರಗಳು ಕಥೆಯ ಕತ್ತಲನ್ನು ಹಗುರಗೊಳಿಸುತ್ತವೆ. ಮನುಷ್ಯರಿಗೆ ಯೋಕಾಯ್‌ಗಳಿಂದ ತೊಂದರೆಯಾದಾಗ ಕಿತಾರೋ ಬರುತ್ತಾನೆ. ಅನೇಕ ವೇಳೆ ತೊಂದರೆಯ ಮೂಲ ಮನುಷ್ಯನೇ ಆಗಿರುತ್ತಾನೆ. ಕಾಡನ್ನು ಕಡಿದು ಮನೆ ಕಟ್ಟಿದವನೋ, ಮುಚ್ಚಿಟ್ಟುದನ್ನು ಲೋಭದಿಂದ ತೆರೆದವನೋ ಅಲ್ಲಿರುತ್ತಾನೆ. ಕಿತಾರೋ ಎರಡೂ ಪಕ್ಷದ ಮಾತನ್ನು ಕೇಳಬಲ್ಲನು. ಆ ಕಾರಣದಿಂದಲೇ ಅವನು ಯಾವ ಪಕ್ಷಕ್ಕೂ ಪೂರ್ತಿಯಾಗಿ ಸೇರಿದವನಲ್ಲ. ಕೆಲಸ ಮುಗಿದ ಮೇಲೆ ಮನುಷ್ಯರ ಸನ್ಮಾನಕ್ಕೆ ಕಾಯದೆ ಪಾದುಕೆಯ ಸದ್ದು ಮಾಡುತ್ತ ಹೊರಟುಹೋಗುತ್ತಾನೆ. ಅವನ ಹೊಗಳಿಕೆ ಹಾಡುವವು ಹುಲ್ಲಿನಲ್ಲಿರುವ ಹುಳುಗಳು.

ಬಾಡಿಗೆ ಪುಸ್ತಕದ ಕಾಲದಲ್ಲಿ ಅವನು ಇಷ್ಟು ಪರೋಪಕಾರಿಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಆಗಿನ ಕಿತಾರೋ ನೋಡಲು ವಿಕಾರ, ನಡತೆಯಲ್ಲಿ ನಿಗೂಢ. ಅವನ ಸನಿಹಕ್ಕೆ ಬಂದ ಮನುಷ್ಯರು ಕೇಡಿಗೆ ಗುರಿಯಾಗುತ್ತಿದ್ದರು. ೧೯೬೫ರಲ್ಲಿ ಬಾಲಕರ ವಾರಪತ್ರಿಕೆಯೊಂದು ಕಥೆಯನ್ನು ಪ್ರಕಟಿಸತೊಡಗಿದಾಗ ಅವನು ಕ್ರಮೇಣ ಮನುಷ್ಯರ ರಕ್ಷಕನಾದನು. ‘ಸ್ಮಶಾನದ ಕಿತಾರೋ’ ಎಂಬ ಹೆಸರು ಟೆಲಿವಿಷನ್ನಿಗೆ ಅಶುಭವೆನಿಸಿದುದರಿಂದ ೧೯೬೭ರಲ್ಲಿ ಅದು ‘ಗೆಗೆಗೆ ಕಿತಾರೋ’ ಎಂದು ಬದಲಾಯಿತು. ಮಿಜುಕಿ ಮಗುವಾಗಿದ್ದಾಗ ತನ್ನ ಹೆಸರಾದ ಶಿಗೇರು ಎಂಬುದನ್ನು ಗೆಗೆರು ಎಂದು ತೊದಲುತ್ತಿದ್ದನೆಂದೂ ಹೊಸ ಹೆಸರಿನ ಮೂಲ ಅದೇ ಎಂದೂ ಹೇಳುವುದುಂಟು. ೧೯೬೮ರಲ್ಲಿ ಆರಂಭವಾದ ಟೆಲಿವಿಷನ್ ಚಿತ್ರಮಾಲೆ, ೨೦೧೮ರ ವೇಳೆಗೆ ಆರು ಸಲ ಹೊಸದಾಗಿ ತಯಾರಾಗಿತ್ತು. ಹೆಸರು ಬಂದಿತು, ಹಣವೂ ಬಂದಿತು. ಆದರೂ ಹಳೆಯ ಕಥೆಗಳಲ್ಲಿದ್ದ ಆ ಕಹಿಯಾದ ನಿಜ ಹೊಸ ಕಥೆಗಳಲ್ಲಿ ಕೊಂಚ ತೆಳುವಾಯಿತೆಂದೇ ಹೇಳಬೇಕು. ಎಲ್ಲರೂ ಮೆಚ್ಚುವ ರಕ್ಷಕನಾಗುವುದು ಸುಲಭ; ಯಾರಿಗೂ ಬೇಡವಾದವನ ಬಾಳನ್ನು ಚಿತ್ರಿಸುವುದು ಕಷ್ಟ.

ಆ ಕಷ್ಟದ ಕೆಲಸವನ್ನು ಮಿಜುಕಿ ಇನ್ನೊಂದು ಪಾತ್ರಕ್ಕೆ ಒಪ್ಪಿಸಿದನು. ಅವನು ನೆಜುಮಿ ಒತೊಕೊ, ಎಂದರೆ ಇಲಿಮನುಷ್ಯ. ಅವನು ಅರ್ಧ ಮನುಷ್ಯ, ಅರ್ಧ ಯೋಕಾಯ್. ಮುನ್ನೂರಕ್ಕೂ ಹೆಚ್ಚು ವರ್ಷ ಬದುಕಿದ್ದಾನೆ. ಸ್ನಾನದ ಗೊಡವೆಗೆ ಹೋದವನಲ್ಲ. ಕೊಳಕಾದ ನಿಲುವಂಗಿಯನ್ನು ಹೊದ್ದು, ಹಣದ ವಾಸನೆ ಬಂದ ಕಡೆಗೆ ಮೂಗು ತಿರುಗಿಸುತ್ತಾನೆ. ಕಿತಾರೋವಿನ ಗೆಳೆಯನೆಂದು ಹೇಳಿಕೊಂಡು ಅವನನ್ನೇ ಶತ್ರುಗಳಿಗೆ ಮಾರುತ್ತಾನೆ. ಸೋಲು ಕಂಡೊಡನೆ ಪಕ್ಷ ಬದಲಾಯಿಸಿ ಮರಳಿ ಬರುತ್ತಾನೆ. ಕಿತಾರೋ ಅವನನ್ನು ಪುನಃ ಪುನಃ ಸೇರಿಸಿಕೊಳ್ಳುತ್ತಾನೆ. ಮನುಷ್ಯರು ಅವನನ್ನು ಓಡಿಸುತ್ತಾರೆ, ಯೋಕಾಯ್‌ಗಳು ಹೀಯಾಳಿಸುತ್ತವೆ. ಕಿತಾರೋವಿಗೆ ಕುಲದ ಕುಪ್ಪಸವಿದೆ, ತಂದೆಯ ಕಣ್ಣಿದೆ; ಇವನಿಗೆ ಅವೆರಡೂ ಇಲ್ಲ. ಎರಡು ಲೋಕಗಳ ನಡುವೆ ಬದುಕುವುದೆಂದರೆ ನಿಜವಾಗಿ ಏನೆಂಬುದು ನಾಯಕನಿಗಿಂತ ಹೆಚ್ಚಾಗಿ ಈ ಮೋಸಗಾರನಲ್ಲಿ ಕಾಣುತ್ತದೆ. ಮಿಜುಕಿಗೂ ಇವನ ಮೇಲೆ ವಿಶೇಷವಾದ ಅಕ್ಕರೆ ಇತ್ತು.

ಚಿತ್ರಗಳ ವಿಷಯದಲ್ಲಿ ಒಂದು ಮಾತು. ಮಿಜುಕಿಯ ಪಾತ್ರಗಳು ನಾಲ್ಕಾರು ಗೆರೆಗಳಲ್ಲಿ ಮುಗಿಯುತ್ತವೆ. ಆದರೆ ಅವರ ಹಿಂದಿರುವ ಕಾಡು, ಗೋರಿ, ಹಳೆಯ ಮನೆಗಳು ಅಸಂಖ್ಯ ಚುಕ್ಕೆಗಳಿಂದ, ಒತ್ತೊತ್ತಾದ ಗೆರೆಗಳಿಂದ ತುಂಬಿ, ಛಾಯಾಚಿತ್ರದಂತೆ ಗಾಢವಾಗಿರುತ್ತವೆ. ಮನುಷ್ಯ ಹಗುರ, ಅವನ ಸುತ್ತಲಿನ ಕತ್ತಲು ಭಾರ. ಅಂಥ ಕತ್ತಲನ್ನು ವಿದ್ಯುದ್ದೀಪಗಳು ಓಡಿಸಿದುದರಿಂದಲೇ ಯೋಕಾಯ್‌ಗಳು ಕಾಣದಾದವೆಂದು ಆತ ಹೇಳುತ್ತಿದ್ದನು.

ಕಿತಾರೋವಿನಿಂದ ಪ್ರಸಿದ್ಧನಾದ ಮೇಲೆ ಮಿಜುಕಿ ತಾನು ಕಂಡ ಯುದ್ಧವನ್ನು ಬರೆಯಲು ಧೈರ್ಯಮಾಡಿದನು. ೧೯೭೩ರಲ್ಲಿ ಬಂದ ಆತನ ಚಿತ್ರಕಾದಂಬರಿಯೊಂದರಲ್ಲಿ ನ್ಯೂ ಬ್ರಿಟನ್ ದ್ವೀಪದ ತುಕಡಿಯೊಂದಕ್ಕೆ ಶತ್ರುವಿನ ಮೇಲೆ ಬಿದ್ದು ಸಾಯುವಂತೆ ಆಜ್ಞೆಯಾಗುತ್ತದೆ. ಕೆಲವರು ಬದುಕಿ ಉಳಿಯುತ್ತಾರೆ. ಆದರೆ ಅವರೆಲ್ಲ ವೀರಮರಣ ಪಡೆದರೆಂದು ಮೇಲಿನವರಿಗೆ ವರದಿ ಹೋಗಿಬಿಟ್ಟಿದೆ. ವರದಿ ಸುಳ್ಳಾಗಬಾರದೆಂದು ಉಳಿದವರನ್ನು ಮತ್ತೊಮ್ಮೆ ಸಾಯಲು ಕಳುಹಿಸುತ್ತಾರೆ. ಈ ಪುಸ್ತಕದಲ್ಲಿ ಒಂದು ಯೋಕಾಯ್ ಕೂಡ ಇಲ್ಲ. ಮಿಜುಕಿ ಬರೆದುದರಲ್ಲಿ ಇದಕ್ಕಿಂತ ಭಯಂಕರವಾದುದೂ ಇಲ್ಲ.

ಮುಂದೆ ೧೯೮೮ರಿಂದ ಆತ ಜಪಾನಿನ ಶೋವಾ ಯುಗದ ಚರಿತ್ರೆಯನ್ನು, ೧೯೨೬ರಿಂದ ೧೯೮೯ರವರೆಗಿನ ಕಾಲವನ್ನು, ಅನೇಕ ಸಂಪುಟಗಳ ಮಾಂಗಾವಾಗಿ ಹೊರತಂದನು. ಬರಗಾಲ, ದಂಡಯಾತ್ರೆ, ಸೋಲು, ಮರುಹುಟ್ಟು ಎಲ್ಲವೂ ಅದರಲ್ಲಿವೆ. ತನ್ನ ಬಾಳನ್ನೂ ಅದರೊಳಗೆ ಸೇರಿಸಿದ್ದಾನೆ. ೨೦೧೫ರಲ್ಲಿ ತನ್ನ ೯೩ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಆತನ ಹೆಸರಿನೊಡನೆ ಜನ ಕಿತಾರೋವನ್ನು ನೆನೆಯುತ್ತಿದ್ದರು. ಆದರೆ ಆ ಚರಿತ್ರೆಯಲ್ಲಿ ಓದುಗರ ಮುಂದೆ ನಿಂತು, ರಾಜ್ಯ ನಡೆಸಿದವರು ಏನು ಮಾಡಿದರೆಂದೂ ಸಾಮಾನ್ಯ ಜನರಿಗೆ ಏನಾಯಿತೆಂದೂ ವಿವರಿಸುವ ನಿರೂಪಕನ ಸ್ಥಾನವನ್ನು ಮಿಜುಕಿ ಕಿತಾರೋವಿಗೆ ಕೊಡಲಿಲ್ಲ. ಕೊಳಕು ನಿಲುವಂಗಿಯ ಇಲಿಮನುಷ್ಯನಿಗೆ ಕೊಟ್ಟನು.